ಇಪ್ಪತ್ತು ವರ್ಷ ಗಾಡಿ ಓಡಿಸಿದ ಮೇಷ್ಟ್ರಿಗೆ ಈಗ ಎಲ್‌ಎಲ್‌ಆರ್ ಪರೀಕ್ಷೆ!

ಬೆಳಗಿನ ಎಂಟು ಗಂಟೆ ಹೊತ್ತಿಗೆ ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಕೋಟೆ ಕಡೆ, ಹುಣಸೂರು ಕಡೆ, ನಂಜನಗೂಡು ಕಡೆ ಹೊರಡುವ ಬಸ್ಸುಗಳಲ್ಲಿ ಮೇಷ್ಟ್ರುಗಳು, ಟೀಚರಮ್ಮಂದಿರು ದಂಡಿಯಾಗಿ ಸಿಗುತ್ತಾರೆ. ಹೆಗಲಿಗೊಂದು ಬ್ಯಾಗು, ಬ್ಯಾಗಿನಲ್ಲೊಂದು ಊಟದ ಡಬ್ಬಿ. ಈಚೆಗೆ ಡಬ್ಬಿಯ ಪಕ್ಕ ಇನ್ನೊಂದು ಸಾಮಾನು ಸೇರಿಕೊಂಡಿದೆ. ದಪ್ಪ ರಟ್ಟಿನ ಟಿಇಟಿ ಗೈಡು. ತಲೆ ನರೆತವರೂ ಕನ್ನಡಕ ಏರಿಸಿಕೊಂಡು ಅದನ್ನೇ ತಿರುವುತ್ತಿದ್ದಾರೆ. ಪಕ್ಕದ ಸೀಟಿನ ಕಾಲೇಜು ಹುಡುಗನಿಗೆ ನಗು.

ನಗುವ ವಿಷಯವಲ್ಲ ಸ್ವಾಮಿ. ಟಿಇಟಿ ಎಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ದೀಪಂಕರ್ ದತ್ತಾ ಮತ್ತು ನ್ಯಾಯಮೂರ್ತಿ ಆಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠ ಒಂದು ತೀರ್ಪು ಕೊಟ್ಟಿತು. ಒಂದರಿಂದ ಎಂಟನೇ ಕ್ಲಾಸಿನವರೆಗೆ ಪಾಠ ಹೇಳುವ ಮೇಷ್ಟ್ರು ಯಾರೇ ಇರಲಿ, ಕೆಲಸಕ್ಕೆ ಸೇರಿ ಎಷ್ಟೇ ವರ್ಷ ಆಗಿರಲಿ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಬಾಕಿ ಇದ್ದರೆ ಎರಡು ವರ್ಷದೊಳಗೆ ಈ ಪರೀಕ್ಷೆ ಪಾಸು ಮಾಡಬೇಕು. ಆಗದಿದ್ದರೆ ಕೆಲಸ ಬಿಡಬೇಕು, ಇಲ್ಲವೇ ಕಡ್ಡಾಯ ನಿವೃತ್ತಿ ಕೊಟ್ಟು ಮನೆಗೆ ಕಳಿಸಬಹುದು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಬರೆಯದಿದ್ದರೂ ನಡೆದೀತು, ಆದರೆ ಬಡ್ತಿ ಕೇಳುವಂತಿಲ್ಲ. ಅಲ್ಪಸಂಖ್ಯಾತರ ಶಾಲೆಗಳ ವಿಚಾರ ಮಾತ್ರ ದೊಡ್ಡ ಪೀಠಕ್ಕೆ ಹೋಯಿತು. ತೀರ್ಪು ಬಂದದ್ದೇ ತಡ ಕೆಲವು ರಾಜ್ಯಗಳೂ ಶಿಕ್ಷಕರ ಸಂಘಗಳೂ ಮರುಪರಿಶೀಲನೆ ಕೋರಿ ದೆಹಲಿ ದಾರಿ ಹಿಡಿದವು.

ಲೆಕ್ಕ ಹಾಕಿ ನೋಡಿದರೆ ಇದರ ಬಿಸಿ ಗೊತ್ತಾಗುತ್ತದೆ. ನಮ್ಮಲ್ಲಿ ನಿವೃತ್ತಿ ವಯಸ್ಸು ಅರವತ್ತು. 1969ರಲ್ಲಿ ಹುಟ್ಟಿದ ಮೇಷ್ಟ್ರು 2029ಕ್ಕೆ ನಿವೃತ್ತಿ. ಅವರು ಪಾರು. 1971ರಲ್ಲಿ ಹುಟ್ಟಿದವರು 2031ಕ್ಕೆ ನಿವೃತ್ತಿ. ಅವರು ಬರೆಯಲೇಬೇಕು. ಇಬ್ಬರೂ ಒಂದೇ ವರ್ಷ ಟಿಸಿಎಚ್ ಮುಗಿಸಿರಬಹುದು, ಒಂದೇ ಆದೇಶದಲ್ಲಿ ನೇಮಕವಾಗಿರಬಹುದು, ಒಂದೇ ಶಾಲೆಯಲ್ಲಿ ಎದುರುಬದುರು ಮೇಜು ಹಾಕಿಕೊಂಡು ಕೂತಿರಬಹುದು. ಒಬ್ಬರು ಅರ್ಹರು, ಇನ್ನೊಬ್ಬರ ಅರ್ಹತೆ ಇನ್ನೂ ಸಾಬೀತಾಗಬೇಕು!

ಬಸ್ಸಿನಲ್ಲಿ, ಅಂಗಡಿ ಕಟ್ಟೆಯ ಮೇಲೆ ಕೇಳಿಬರುವ ಮಾತೇ ಬೇರೆ. ‘ಮಕ್ಕಳಿಗೆ ದಿನಾ ಪರೀಕ್ಷೆ ಕೊಡೋರು ತಾವು ಪರೀಕ್ಷೆ ಅಂದ್ರೆ ಯಾಕ್ರೀ ಹೆದರ್ತಾರೆ? ಕೈ ತುಂಬ ಸಂಬಳ ತಗೋಳ್ತಾರೆ, ಬರೀಲಿ ಬಿಡಿ.’ ಈ ಮಾತಿನಲ್ಲಿ ಅರ್ಧ ನಿಜ ಇದೆ. ಮೊದಲು ಆ ಅರ್ಧವನ್ನೇ ನೋಡೋಣ.

ಸರ್ಟಿಫಿಕೇಟಿನ ಬೆಲೆ ಇಳಿದದ್ದು ಹೇಗೆ?

ಒಂದು ಕಾಲಕ್ಕೆ ಎಲ್.ಎಸ್. ಪಾಸಾದವರು ಮೇಷ್ಟ್ರಾಗುತ್ತಿದ್ದರು. ಧಾರವಾಡದ ಕಡೆಯವರಿಗೆ ಮುಲ್ಕಿ. ಅದಾದ ಮೇಲೆ ನಾರ್ಮಲ್ ಸ್ಕೂಲು, ಟ್ರೈನಿಂಗು. ಆಮೇಲೆ ಟಿಸಿಎಚ್ ಬಂತು. ಅದೇ ಡಿ.ಎಡ್. ಆಯಿತು, ಈಗ ಡಿ.ಎಲ್.ಎಡ್. ಟಿಸಿಎಚ್ ಸೀಟು ಸಿಕ್ಕಿತು ಎಂದರೆ ಮನೆಗೆ ಸರ್ಕಾರಿ ನೌಕರಿ ಬಂತು ಎಂದೇ ಲೆಕ್ಕ. ಹಳ್ಳಿಯಲ್ಲಿ ಆ ಹುಡುಗನಿಗೆ ಹೆಣ್ಣು ಕೊಡಲು ಸಾಲು ನಿಲ್ಲುತ್ತಿದ್ದರು.

ಬೇಡಿಕೆ ಇದ್ದ ಕಡೆ ಅಂಗಡಿ ಏಳುವುದು ನಿಮಗೆ ಹೊಸದಲ್ಲ. ಡಿ.ಎಡ್., ಬಿ.ಎಡ್. ಕಾಲೇಜುಗಳು ಮೂಲೆಮೂಲೆಯಲ್ಲಿ ಎದ್ದವು. ಅದರಲ್ಲಿ ಒಳ್ಳೆಯವೂ ಇದ್ದವು. ಆದರೆ ‘ನಾನ್ ಅಟೆಂಡಿಂಗ್’ ಎಂಬ ಪದವೂ ಅದೇ ಕಾಲದಲ್ಲಿ ಚಾಲ್ತಿಗೆ ಬಂತು. ದುಡ್ಡು ಕಟ್ಟು, ಮನೆಯಲ್ಲಿರು, ಪರೀಕ್ಷೆಗೆ ಮಾತ್ರ ಬಾ ಎಂಬ ಏರ್ಪಾಡು. ಇದು ನಮ್ಮ ರಾಜ್ಯದ ಕಾಯಿಲೆ ಮಾತ್ರ ಅಲ್ಲ. ಮಹಾರಾಷ್ಟ್ರದ ಡಿ.ಎಡ್. ಕಾಲೇಜುಗಳ ಕೇಸಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಆಯೋಗ ನೇಮಿಸಬೇಕಾಯಿತು. 2012ರಲ್ಲಿ ಬಂದ ಅದರ ವರದಿ ಇಡೀ ದೇಶದ ಶಿಕ್ಷಕ ತರಬೇತಿಯ ಹುಳುಕನ್ನು ಬಿಡಿಸಿಟ್ಟಿತು.

ಕಾಲೇಜು ಕೊಟ್ಟ ಸರ್ಟಿಫಿಕೇಟಿನ ಮೇಲೆ ಸರ್ಕಾರಕ್ಕೇ ನಂಬಿಕೆ ಹೋಯಿತು. ಹಾಗಾಗಿ ಅದರ ಮೇಲೆ ಇನ್ನೊಂದು ಸರ್ಟಿಫಿಕೇಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಕಲಮಿನ ಅಡಿಯಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರಂದು ಅಧಿಸೂಚನೆ ಹೊರಡಿಸಿ ಟಿಇಟಿ ತಂದಿತು. ಪ್ರಶ್ನೆ ಸರಿಯಾಗಿಯೇ ಇತ್ತು ಎಂಬುದಕ್ಕೆ ಫಲಿತಾಂಶವೇ ಸಾಕ್ಷಿ. ಡಿ.ಎಡ್., ಬಿ.ಎಡ್. ಹಿಡಿದು ಬಂದವರಲ್ಲಿ ಪಾಸಾಗುವವರಿಗಿಂತ ಫೇಲಾಗುವವರೇ ಹೆಚ್ಚು. 2022ರಲ್ಲಿ ನಮ್ಮ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೆಸಿದಾಗ ಅಷ್ಟೂ ಹುದ್ದೆ ತುಂಬುವಷ್ಟು ಜನ ದಡ ಸೇರಲಿಲ್ಲ. ಆದ್ದರಿಂದ ಹೊಸದಾಗಿ ಒಳಗೆ ಬರುವವರಿಗೆ ಬಾಗಿಲಲ್ಲಿ ಒಂದು ಜರಡಿ ಇರಬೇಕು ಎಂಬುದಕ್ಕೆ ಈ ಅಂಕಣದ ತಕರಾರಿಲ್ಲ.

ತಕರಾರು ಇರುವುದು ಜರಡಿ ಏನನ್ನು ಸೋಸುತ್ತದೆ ಎಂಬುದರಲ್ಲಿ.

ಎಂಟು ಹಾಕಿಸೋದೇ ಇಲ್ಲವಲ್ಲ!

ಟಿಇಟಿಯಲ್ಲಿ 150 ಪ್ರಶ್ನೆ, 150 ಅಂಕ. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ತಪ್ಪಿದರೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗಕ್ಕೆ ನೂರಕ್ಕೆ ಅರವತ್ತು, ಅಂದರೆ 90 ಅಂಕ ಬಂದರೆ ಪಾಸು. ಒಂದರಿಂದ ಐದನೇ ಕ್ಲಾಸಿನವರಿಗೆ ಒಂದು ಪತ್ರಿಕೆ, ಆರರಿಂದ ಎಂಟರವರಿಗೆ ಇನ್ನೊಂದು. ಮೊದಲ ಪತ್ರಿಕೆಯಲ್ಲಿ ಮಗುವಿನ ಬೆಳವಣಿಗೆ ಮತ್ತು ಬೋಧನೆ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ಒಂದೊಂದಕ್ಕೂ 30. ಪಿಯಾಜೆ ಏನು ಹೇಳಿದ, ವೈಗೋಟ್‌ಸ್ಕಿ ಏನು ಹೇಳಿದ ಎಂಬುದೆಲ್ಲ ಬಾಯಿಪಾಠ ಇರಬೇಕು.

ಇದನ್ನು ಆರ್‌ಟಿಒ ಆಫೀಸಿಗೆ ಹೋಲಿಸಿ ನೋಡಿ. ಲೈಸೆನ್ಸಿಗೆ ಹೋದರೆ ಮೊದಲು ಎಲ್‌ಎಲ್‌ಆರ್. ಕಂಪ್ಯೂಟರಿನ ಮುಂದೆ ಕೂತು ರಸ್ತೆ ಚಿಹ್ನೆಗೆ ಗುರುತು ಹಾಕಿದರೆ ಆಯಿತು. ಅಷ್ಟಕ್ಕೇ ಲೈಸೆನ್ಸು ಕೊಡುತ್ತಾರೆಯೇ? ಇಲ್ಲ. ಗಾಡಿ ತಂದು ಇನ್ಸ್‌ಪೆಕ್ಟರ ಮುಂದೆ ಎಂಟು ಹಾಕಬೇಕು. ಕಾಲು ನೆಲಕ್ಕೆ ಊರಿದರೆ ಫೇಲು. ಚಿಹ್ನೆ ಗೊತ್ತಿದ್ದವನಿಗೆಲ್ಲ ಗಾಡಿ ಬರುವುದಿಲ್ಲ ಎಂಬಷ್ಟು ತಿಳಿವಳಿಕೆ ಆರ್‌ಟಿಒಗೆ ಇದೆ.

ಮೇಷ್ಟ್ರ ಪರೀಕ್ಷೆಯಲ್ಲಿ ಎಂಟು ಹಾಕಿಸುವುದೇ ಇಲ್ಲ. ನಲವತ್ತು ಮಕ್ಕಳ ಮುಂದೆ ನಿಂತು ‘ಭಿನ್ನರಾಶಿ’ ಹೇಳಿಕೊಡಿ, ಹಿಂದಿನ ಬೆಂಚಿನ ಹುಡುಗಿ ಯಾಕೆ ಬಾಯಿ ಬಿಡುತ್ತಿಲ್ಲ ಕಂಡುಹಿಡಿಯಿರಿ ಎಂದು ಯಾರೂ ಕೇಳುವುದಿಲ್ಲ. ‘ಡಿ.ಎಡ್., ಬಿ.ಎಡ್.ನಲ್ಲಿ ಪಾಠಾಭ್ಯಾಸ ಇದೆಯಲ್ಲ’ ಎನ್ನುತ್ತೀರಿ. ಇದೆ. ಕಾಗದದ ಮೇಲೆ ವಾರಗಟ್ಟಲೆ ಇದೆ. ಆದರೆ ಅದನ್ನು ನಂಬದೇ ತಾನೇ ಟಿಇಟಿ ತಂದದ್ದು? ನಂಬಿಕೆ ಹೋದ ಭಾಗವನ್ನು ರಿಪೇರಿ ಮಾಡುವುದು ಬಿಟ್ಟು, ನೆಟ್ಟಗಿದ್ದ ಭಾಗವನ್ನೇ ಎರಡನೇ ಸಲ ಪರೀಕ್ಷಿಸಿದ ಹಾಗಾಯಿತು.

ಹೊಸಬರಿಗೆ ಇದು ಅರೆಬರೆ ಪರೀಕ್ಷೆಯಾದರೂ ಪರೀಕ್ಷೆಯೇ. ಇಪ್ಪತ್ತು ವರ್ಷ ಗಾಡಿ ಓಡಿಸಿದವರಿಗೆ? ಅವರು ಓಡಿಸುವುದನ್ನು ನೋಡಬೇಕಾದರೆ ಕ್ಲಾಸಿನ ಹಿಂದೆ ಹೋಗಿ ಕೂತರೆ ಸಾಕಿತ್ತು. ಅದಕ್ಕೆಂದೇ ಸಿ.ಆರ್.ಪಿ., ಬಿ.ಆರ್.ಪಿ. ಎಂಬ ಹುದ್ದೆಗಳಿವೆ. ಅವರೂ ಒಂದು ಕಾಲಕ್ಕೆ ಮೇಷ್ಟ್ರುಗಳೇ. ಪಾಪ, ಅವರ ದಿನವೆಲ್ಲ ‘ಈ ಮಾಹಿತಿ ಇಂದೇ ಕಳಿಸಿ’ ಎಂಬ ವಾಟ್ಸಪ್ಪಿಗೆ ಉತ್ತರ ಕೊಡುವುದರಲ್ಲಿ ಕಳೆಯುತ್ತದೆ.

ವಕೀಲರನ್ನೇ ತಗೊಳ್ಳಿ. ಅವರಿಗೂ ಅಖಿಲ ಭಾರತ ಬಾರ್ ಪರೀಕ್ಷೆ ಎಂಬುದು ಬಂತು. ಆದರೆ 2009-10ರ ಸಾಲಿನಿಂದ ಈಚೆಗೆ ಕಾನೂನು ಪದವಿ ಪಡೆದವರಿಗೆ ಮಾತ್ರ. ಅದಕ್ಕೆ ಮೊದಲೇ ಕರಿಕೋಟು ಹಾಕಿದವರನ್ನು ‘ಎರಡು ವರ್ಷದಲ್ಲಿ ಪಾಸಾಗು, ಇಲ್ಲ ಕೋಟು ಬಿಚ್ಚು’ ಎಂದು ಯಾರೂ ಹೇಳಲಿಲ್ಲ. ಮೇಲಾಗಿ ಕಾಯ್ದೆ ಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ಬರೆಯಲು ಅವರಿಗೆ ಅವಕಾಶ. ಆ ಪರೀಕ್ಷೆ ನಡೆಸುವುದೂ ವಕೀಲರದ್ದೇ ಸಂಸ್ಥೆ, ಬಾರ್ ಕೌನ್ಸಿಲ್. ನಮ್ಮ ಮೇಷ್ಟ್ರುಗಳಿಗೆ ಹಾಗೆ ಚುನಾವಣೆ ನಡೆಸಿ ಆರಿಸಿಕೊಂಡ ಕೌನ್ಸಿಲ್ ಯಾವುದಿದೆ? ಸಂಘ ಇದೆ. ಅದಕ್ಕೆ ವರ್ಗಾವಣೆ, ಬಡ್ತಿ, ಪಿಂಚಣಿಯ ತಾಪತ್ರಯವೇ ಸಾಕಷ್ಟು. ಒಳ್ಳೆಯ ಪಾಠ ಎಂದರೆ ಯಾವುದು, ಕೆಟ್ಟ ಮೇಷ್ಟ್ರು ಎಂದರೆ ಯಾರು ಎಂದು ತೀರ್ಮಾನಿಸುವ ಅಧಿಕಾರ ಮೇಷ್ಟ್ರುಗಳ ಕೈಯಲ್ಲಿ ಎಂದೂ ಇರಲಿಲ್ಲ. ಸಂಘವೂ ಅದನ್ನು ಜೋರಾಗಿ ಕೇಳಿದ್ದು ಕಾಣೆ. ತನ್ನ ಕಸುಬಿನ ಅಳತೆಗೋಲು ತನ್ನ ಕೈಯಲ್ಲಿಲ್ಲದವನು ನೌಕರನಾಗಿಯೇ ಉಳಿಯುತ್ತಾನೆ. ಇದರಲ್ಲಿ ಸರ್ಕಾರದ ಪಾಲಿನಷ್ಟೇ ಸಂಘದ ಪಾಲೂ ಇದೆ.

ಆ ಅಳತೆಗೋಲಾದರೂ ನಿಂತ ಕಡೆ ನಿಂತಿದೆಯೇ? ಬಿ.ಎಡ್. ಒಂದು ವರ್ಷ ಇತ್ತು, 2015ರಿಂದ ಎರಡು ವರ್ಷ ಆಯಿತು. ಟಿಇಟಿ ಸರ್ಟಿಫಿಕೇಟಿಗೆ ಏಳು ವರ್ಷ ಆಯಸ್ಸು ಎಂದರು, 2021ರಲ್ಲಿ ಆಜೀವ ಎಂದರು. ಬಿ.ಎಡ್. ಆದವರು ಒಂದರಿಂದ ಐದನೇ ಕ್ಲಾಸಿಗೂ ಬರಬಹುದು ಎಂದು 2018ರಲ್ಲಿ ಅಧಿಸೂಚನೆ. ಬರಕೂಡದು ಎಂದು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು. ನಮ್ಮ ರಾಜ್ಯದ್ದು ಇನ್ನೊಂದು ಕಥೆ. ಒಂದರಿಂದ ಏಳನೇ ಕ್ಲಾಸಿಗೆಂದು ನೇಮಕವಾಗಿದ್ದವರನ್ನು 2017ರ ನೇಮಕಾತಿ ನಿಯಮ ಒಂದರಿಂದ ಐದರ ಶಿಕ್ಷಕರು ಎಂದು ಕರೆಯಿತು. ಪದವಿ ಪಡೆದು ವರ್ಷಗಟ್ಟಲೆ ಏಳನೇ ಕ್ಲಾಸಿಗೆ ಪಾಠ ಹೇಳಿದವರು ಒಂದು ಬೆಳಗ್ಗೆ ಎದ್ದು ನೋಡಿದರೆ ಕಾಗದದಲ್ಲಿ ಐದಕ್ಕೆ ಇಳಿದಿದ್ದರು. 2024ರ ಆಗಸ್ಟಿನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿದ್ದ ಗುಂಪಿನ ದುಃಖ ಅದೇ. ನಿಮ್ಮ ತಕ್ಕಡಿಗೆ ತೂಕ-ಅಳತೆ ಇಲಾಖೆಯವರು ಮುದ್ರೆ ಒತ್ತಿ ಹೋದ ಮೇಲೆ ಕಿಲೋಗೆ ಎಷ್ಟು ಗ್ರಾಂ ಎಂಬುದನ್ನೇ ಬದಲಾಯಿಸಿದರೆ ಹೇಗಿರುತ್ತದೆ, ಯೋಚಿಸಿ.

ಕೋಟೆಯ ಮೇಷ್ಟ್ರುಗಳು ಮಾಡಿದ್ದು

ಮೇಷ್ಟ್ರು ಕಸುಬುದಾರನಾಗುವುದು ಹೇಗೆ ಎಂದು ತಿಳಿಯಲು ಬಹಳ ದೂರ ಹೋಗಬೇಕಾಗಿಲ್ಲ. ಅದೇ ಕೋಟೆ ಬಸ್ಸು ಹತ್ತಿದರೆ ಸಾಕು.

1995ರ ಮಾತು. ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಾಡಂಚಿನ ಹಾಡಿಗಳು, ಕಬಿನಿ ಹಿನ್ನೀರಿನ ಊರುಗಳು. ಒಬ್ಬರೇ ಮೇಷ್ಟ್ರು, ಇಲ್ಲ ಇಬ್ಬರು. ಒಂದೇ ಕೋಣೆಯಲ್ಲಿ ಮೂರು ನಾಲ್ಕು ಕ್ಲಾಸು. ಮಕ್ಕಳು ಅಪ್ಪ ಅಮ್ಮನ ಜೊತೆ ಕೂಲಿಗೆ ಹೋದರೆ ವಾರಗಟ್ಟಲೆ ನಾಪತ್ತೆ. ಮರಳಿ ಬರುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತದೆ, ಮಗು ಹಿಂದೆ ಉಳಿದಿರುತ್ತದೆ. ಕೊನೆಗೆ ಶಾಲೆಯೇ ಬೇಡ ಎಂದು ಬಿಟ್ಟುಬಿಡುತ್ತದೆ.

ಆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲಾ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ಬಂದರು. ಅಲ್ಲಿನ ಏಕೋಪಾಧ್ಯಾಯ ಶಾಲೆಗಳಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳಿದ್ದವು. ನೋಡಿಕೊಂಡು ಬಂದವರು ಅದನ್ನು ಹಾಗೇ ನಕಲು ಹೊಡೆಯಲಿಲ್ಲ. ಕೂತು, ತಮ್ಮ ಮಕ್ಕಳಿಗೆ ಗೊತ್ತಿದ್ದ ಹಾಡು, ಕಥೆ, ಆಟ ಸೇರಿಸಿ ಕನ್ನಡದ ಕಾರ್ಡು ತಯಾರು ಮಾಡಿದರು. ಯುನಿಸೆಫ್ ನೆರವಿಗೆ ನಿಂತಿತು. ಅದೇ ‘ನಲಿ-ಕಲಿ’.

ಒಳಗೆ ಹೋಗಿ ನೋಡಿದವರಿಗೆ ಗೊತ್ತು. ಗೋಡೆಯ ಮೇಲೆ ಕಲಿಕೆಯ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ನೋಡಿಕೊಂಡು ತನ್ನ ಕಾರ್ಡು ತಾನೇ ಎತ್ತಿಕೊಳ್ಳುತ್ತದೆ. ಗುಂಪಿಗೊಂದು ತಟ್ಟೆ. ಒಂದು ಗುಂಪಿನ ಜೊತೆ ಮೇಷ್ಟ್ರು ಕೂರುತ್ತಾರೆ, ಇನ್ನೊಂದಕ್ಕೆ ಅಷ್ಟಿಷ್ಟು ನೆರವು, ಮತ್ತೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಹದಿನೈದು ದಿನ ಕೂಲಿಗೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯುತ್ತದೆ. ‘ನೀನು ದಡ್ಡ’ ಎಂದು ಹೇಳುವ ಸಂದರ್ಭವೇ ಬರುವುದಿಲ್ಲ.

ಇದನ್ನು ಕಟ್ಟಿದವರು ಸಾಧಾರಣ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಸ್ವಾಮಿ. ಆಗ ಟಿಇಟಿ ಎಂಬ ಹೆಸರೇ ಹುಟ್ಟಿರಲಿಲ್ಲ. ತಮ್ಮ ಕ್ಲಾಸಿನ ಕಷ್ಟಕ್ಕೆ ತಾವೇ ಮದ್ದು ಹುಡುಕಿ, ಮಾಡಿ ನೋಡಿ, ತಿದ್ದಿಕೊಂಡರು. ವೈದ್ಯನನ್ನೋ ಇಂಜಿನಿಯರನ್ನೋ ಕಸುಬುದಾರ ಎಂದು ನಾವು ಮರ್ಯಾದೆ ಕೊಡುವುದು ಇಂಥ ಕೆಲಸಕ್ಕೇ ತಾನೇ?

ಆಮೇಲೆ ಏನಾಯಿತು ಎಂಬುದನ್ನೂ ಹೇಳಬೇಕು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ಕ್ಲಾಸಿಗೆ ನಲಿ-ಕಲಿಯನ್ನು ವಿಸ್ತರಿಸಿದರು. ಕೋಟೆಯಲ್ಲಿ ಮೇಷ್ಟ್ರುಗಳ ಹೊಟ್ಟೆಯಿಂದ ಹುಟ್ಟಿದ್ದು ಉಳಿದ ಕಡೆಗೆ ಮೇಲಿನಿಂದ ಇಳಿಯಿತು. ಮನಸ್ಸು ಮಾಡಿದವರ ಕೈಯಲ್ಲಿ ಅದು ಚಿಗುರಿತು, ಉಳಿದವರ ಕೈಯಲ್ಲಿ ಕಾರ್ಡುಗಳು ಬೀರುವಿನಲ್ಲಿ ಭದ್ರವಾಗಿ ಕೂತವು. ಸುತ್ತೋಲೆಯಿಂದ ಕಾರ್ಡು ಕಳಿಸಬಹುದು. ಕಾರ್ಡು ತಯಾರಿಸಿದವನ ತಲೆಯನ್ನು ಕಳಿಸಲು ಆಗುವುದಿಲ್ಲ.

ಒಂದೇ ಕಾಯ್ದೆ, ಎರಡು ಕಲಮು

ಟಿಇಟಿಗೆ ಆಧಾರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಕಲಮು ಎಂದೆವಲ್ಲ, ಅದೇ ಪುಸ್ತಕದಲ್ಲಿ ನಾಲ್ಕು ಕಲಮು ಮುಂದೆ ಹೋಗಿ. 27ನೇ ಕಲಮು. ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇಷ್ಟನ್ನು ಬಿಟ್ಟು ಬೇರೆ ಯಾವ ಶೈಕ್ಷಣಿಕವಲ್ಲದ ಕೆಲಸಕ್ಕೂ ಮೇಷ್ಟ್ರುಗಳನ್ನು ಹಚ್ಚಬಾರದು ಎಂದು ಅಲ್ಲಿ ಬರೆದಿದೆ.

ತೀರ್ಪು ಬಂದದ್ದು 2025ರ ಸೆಪ್ಟೆಂಬರ್ 1. ಅದೇ ತಿಂಗಳ 22ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರು. ಮನೆ ಬಾಗಿಲಿಗೆ ಅಂಟಿಸಿದ ಚೀಟಿ ಹುಡುಕಿಕೊಂಡು, ಮೊಬೈಲು ಹಿಡಿದು, ಅರವತ್ತು ಪ್ರಶ್ನೆ ಕೇಳಿಕೊಂಡು ನಿಮ್ಮ ಮನೆಗೆ ಬಂದವರು ಯಾರು? ಇದೇ ಮೇಷ್ಟ್ರುಗಳು. ದಸರಾ ರಜೆಯಲ್ಲಿ ಮಾಡಿಸಿದ್ದು ತಾನೇ ಎಂಬ ಸಮಜಾಯಿಷಿ ಇತ್ತು. ಕೆಲಸ ಮುಗಿಯದೆ ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದಾಗ ಆ ಸಮಜಾಯಿಷಿಯೂ ಸೋತಿತು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಮೇಷ್ಟ್ರ ಮೇಲೆ ಹೊರೆ ಹಾಕುವ ಕಲಮು ಮಾತ್ರ ಎಲ್ಲರಿಗೂ ನೆನಪಿರುತ್ತದೆ, ಹೊರೆ ಇಳಿಸುವ ಕಲಮನ್ನು ಯಾರೂ ಓದುವುದಿಲ್ಲ. ನಾವು ಹೇಳುವುದು ಇಷ್ಟೇ.

ಹಾಲು ಕಾಯಿಸಿದ ಲೆಕ್ಕ, ಮೊಟ್ಟೆಯ ಲೆಕ್ಕ, ಬಾಳೆಹಣ್ಣಿನ ಲೆಕ್ಕ, ಅಕ್ಕಿ ಮೂಟೆಯ ಲೆಕ್ಕ, ಮತದಾರರ ಪಟ್ಟಿ, ಆಧಾರ್ ತಿದ್ದುಪಡಿ. ಇದೆಲ್ಲ ಮುಗಿಸಿ ಉಳಿದ ಸಂಜೆಯಲ್ಲಿ ಈಗ ಗೈಡು ಓದಬೇಕು. ನಾಳೆಯ ಪಾಠಕ್ಕೆ ತಯಾರಿ ಯಾವಾಗ? ಪರೀಕ್ಷೆ ಒಳ್ಳೆಯ ಮೇಷ್ಟ್ರನ್ನು ಮಾಡುತ್ತದೋ ಇಲ್ಲವೋ, ಅಲ್ಲಿಯವರೆಗೆ ಒಳ್ಳೆಯ ಪಾಠದ ಹೊತ್ತನ್ನಂತೂ ತಿನ್ನುತ್ತದೆ.

ಇಷ್ಟೆಲ್ಲ ಕಟ್ಟುನಿಟ್ಟು ಇರುವ ಕಡೆಯ ಪಕ್ಕದಲ್ಲೇ ಇನ್ನೊಂದು ಬಾಗಿಲು ಪೂರ್ತಿ ತೆರೆದಿದೆ. ಸರ್ಕಾರಿ ಶಾಲೆಗಳಲ್ಲಿ ಖಾಲಿ ಬಿದ್ದ ಹುದ್ದೆಗೆ ವರ್ಷವರ್ಷವೂ ಹತ್ತಾರು ಸಾವಿರ ಅತಿಥಿ ಶಿಕ್ಷಕರು ಬರುತ್ತಾರೆ. ಅವರಿಗೆ ಸಂಬಳ ಅಲ್ಲ, ಗೌರವಧನ. 2025ರ ಬಜೆಟ್ಟಿನಲ್ಲಿ ಅದಕ್ಕೆ ಎರಡು ಸಾವಿರ ರೂಪಾಯಿ ಸೇರಿಸಿದರು. ಶಾಲೆ ಮುಗಿದರೆ ಅವರ ಕೆಲಸವೂ ಮುಗಿಯಿತು, ಮುಂದಿನ ಜೂನಿನಲ್ಲಿ ಮತ್ತೆ ಅರ್ಜಿ. ಅವರಲ್ಲಿ ಟಿಇಟಿ ಪಾಸಾಗಿ ಕೂತವರೂ ಇದ್ದಾರೆ! ಅರ್ಹತೆಯೇ ದೊಡ್ಡದು ಎನ್ನುವುದಾದರೆ, ಅರ್ಹತೆ ಇರುವವರಿಗೆ ಹುದ್ದೆ ಎಲ್ಲಿ?

ಇನ್ನು ನಿಮ್ಮ ನಮ್ಮ ಮಕ್ಕಳು ಹೋಗುವ ಗಲ್ಲಿ ಕಾನ್ವೆಂಟುಗಳು. 23ನೇ ಕಲಮು ಅವಕ್ಕೂ ಅನ್ವಯಿಸುತ್ತದೆ. ಅರ್ಹತೆ ಇಲ್ಲದವರಿಗೆ ಕೊನೆಯ ಅವಕಾಶ ಎಂದು 2017ರಲ್ಲಿ ಕಾಯ್ದೆ ತಿದ್ದಿ, 2019ರ ಮಾರ್ಚ್ 31ರೊಳಗೆ ಡಿ.ಎಲ್.ಎಡ್. ಮುಗಿಸಿ ಎಂದು ದೂರಶಿಕ್ಷಣದ ಹದಿನೆಂಟು ತಿಂಗಳ ಕೋರ್ಸನ್ನೂ ಕೊಟ್ಟಿದ್ದರು. ಅದಾದ ಮೇಲೂ ಪಿಯುಸಿ ಮುಗಿಸಿದ ಪಕ್ಕದ ಬೀದಿಯ ಹುಡುಗಿ ಆರೇಳು ಸಾವಿರಕ್ಕೆ ‘ಮಿಸ್ಸು’ ಆಗಿ ನಿಲ್ಲುವುದು ತಪ್ಪಿಲ್ಲ. ಸಂತೆಪೇಟೆಯ ವರ್ತಕರು ಅಕ್ಕಿಯ ಸ್ಯಾಂಪಲ್ ನೋಡದೆ ಮೂಟೆ ಇಳಿಸಿಕೊಳ್ಳುವುದಿಲ್ಲ. ಅದೇ ಯಜಮಾನರು ಜೂನ್ ತಿಂಗಳಲ್ಲಿ ಸಾವಿರಗಟ್ಟಲೆ ಫೀಸು ಕಟ್ಟುವಾಗ ಯೂನಿಫಾರಂ ಬಣ್ಣ ಕೇಳುತ್ತಾರೆ, ವ್ಯಾನು ಎಷ್ಟು ಗಂಟೆಗೆ ಬರುತ್ತೆ ಕೇಳುತ್ತಾರೆ. ಒಂದನೇ ಕ್ಲಾಸಿಗೆ ಪಾಠ ಹೇಳುವವರು ಏನು ಓದಿದ್ದಾರೆ ಎಂದು ಕೇಳುವುದಿಲ್ಲ. ಸರ್ಕಾರಿ ಮೇಷ್ಟ್ರ ಸರ್ಟಿಫಿಕೇಟಿನ ಬಗ್ಗೆ ಬಸ್ಸಿನಲ್ಲಿ ಭಾಷಣ ಮಾಡುವವರೂ ಅವರೇ!

ಬೇರೆ ದಾರಿ ಇಲ್ಲವೇ ಎಂದರೆ, ಅದೂ ನಮ್ಮ ಊರಿನಲ್ಲೇ ಇದೆ. ಮಾನಸಗಂಗೋತ್ರಿ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಶುರುವಾಯಿತು. ವಿಜ್ಞಾನವನ್ನೂ ಅದನ್ನು ಹೇಳಿಕೊಡುವ ವಿದ್ಯೆಯನ್ನೂ ಜೊತೆಜೊತೆಗೆ ನಾಲ್ಕು ವರ್ಷ ಕಲಿಸುವ ಪದ್ಧತಿ ಅಲ್ಲಿ ಎಷ್ಟೋ ದಶಕದಿಂದ ಇದೆ. ಆವರಣದಲ್ಲೇ ಮಕ್ಕಳ ಶಾಲೆ. ಮೇಷ್ಟ್ರಾಗುವವರು ಕಲಿಸಿ ಕಲಿಯುವುದು ಅಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈಗ ಅದೇ ನಾಲ್ಕು ವರ್ಷದ ಪದವಿಯನ್ನು 2030ರ ಹೊತ್ತಿಗೆ ಎಲ್ಲರಿಗೂ ತರಬೇಕು ಎನ್ನುತ್ತದೆ. ಕೆಲಸದಲ್ಲಿರುವವರಿಗೆ ವರ್ಷಕ್ಕೆ ಐವತ್ತು ಗಂಟೆ ತರಬೇತಿ ಬೇಕು ಎಂದೂ ಹೇಳಿದೆ. ಆ ಐವತ್ತು ಗಂಟೆ ಮೊಬೈಲಿನಲ್ಲಿ ವಿಡಿಯೋ ಓಡಿಸಿಟ್ಟು ಸರ್ಟಿಫಿಕೇಟು ಇಳಿಸಿಕೊಳ್ಳುವುದರಲ್ಲಿ ಮುಗಿದರೆ ಪ್ರಯೋಜನ ಇಲ್ಲ. ಕೋಟೆಯವರ ಹಾಗೆ ಹತ್ತು ಮೇಷ್ಟ್ರುಗಳು ಒಂದು ಕಡೆ ಕೂತು ತಮ್ಮ ಕ್ಲಾಸಿನ ಕಷ್ಟ ಬಿಡಿಸಿಕೊಳ್ಳುವುದರಲ್ಲಿ ಕಳೆದರೆ ಬೇರೆ ಮಾತು. ವಸಂತ ಮಹಲಿನಲ್ಲಿ ಜಿಲ್ಲೆಯ ಡಯಟ್ ಇದೆ, ಜಾಗಕ್ಕೇನೂ ಬರ ಇಲ್ಲ.

ತೀರ್ಪಿನ ಲೆಕ್ಕದಲ್ಲಿ ಎರಡು ವರ್ಷದ ಗಡುವು ಮುಗಿಯುವುದು 2027ರ ಸೆಪ್ಟೆಂಬರಿಗೆ. ಅದಕ್ಕೆ ಆರು ತಿಂಗಳು ಮುಂಚೆ, 2027ರ ಮಾರ್ಚ್ 1 ಅನ್ನು ಆಧಾರ ದಿನವಾಗಿ ಇಟ್ಟುಕೊಂಡ ಜನಗಣತಿ. ಗಣತಿಗೆ ಮನೆಮನೆ ಸುತ್ತಬೇಕಾದವರಲ್ಲಿ ಇವರೇ ಮುಂದು. ಮನೆ ಬಾಗಿಲು ತಟ್ಟಿದಾಗ ಕೂರಲು ಒಂದು ಕುರ್ಚಿ ಹಾಕಿ, ಕುಡಿಯಲು ನೀರು ಕೊಡಿ. ಬ್ಯಾಗಿನಲ್ಲಿ ಗೈಡು ಇದ್ದರೂ ಇರಬಹುದು.